ಮಗ್ಗದ ಮನೆಯ ಕ್ವಿಜ್ ತಂಡ

ದೊಡ್ಡಬಳ್ಳಾಪುರ
೧೨-೧-೯೪

ಪ್ರೀತಿಯ ಅಕ್ಕಾ,

ನಾನು ತಯಾರು ಮಾಡಿದ ಕ್ವಿಜ್ ತಂಡ ಹೊಸಕೋಟೆಯಲ್ಲಿ ಗೆದ್ದುಬಿಟ್ಟಿತು! ನಾನು ಹೇಳಿಕೊಡದ ಪ್ರಶ್ನೆಗಳಿಗೂ ಏಳನೇ ತರಗತಿಯ ನಾಗವೇಣಿ ಪಟಪಟನೆ ಉತ್ತರ ಕೊಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಹೇಗೆಂದು ಕೇಳಿದೆ.

"ಪ್ರಶ್ನೆ ಕೇಳೋ ಮೇಷ್ಟ್ರು ಉತ್ತರಾನ ಮನಸ್ಸಲ್ಲೇ ಓದ್ಕೊಳ್ತಿದ್ರು ಮಿಸ್. ತುಟಿ ಅಲ್ಲಾಡ್ತಿತ್ತು."

ಇಲ್ಲಿ ಮನೆಮನೆಯಲ್ಲೂ ಪವರ್‌ಲೂಮ್. ಆ ಸದ್ದಿನಲ್ಲಿ ಅಮ್ಮ ಊಟಕ್ಕೆ ಕರೆದರೂ ಮಕ್ಕಳು ತುಟಿ ನೋಡಿಯೇ ತಿಳಿಯಬೇಕು. ಬೈಯಲು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ "ಸಾರಿ ಮಿಸ್" ಎಂದಳು!

ಕಿವಿ ಗುಂಯ್‌ಗುಡುವುದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಜಿಲ್ಲಾ ಮಟ್ಟದಲ್ಲಿ ಪ್ರಶ್ನೆ ಕೇಳುವವರಿಗೆ ತುಟಿ ಮುಚ್ಚುವಷ್ಟು ಮೀಸೆಯಂತೆ. ನಾಳೆಯಿಂದ ನಿಜವಾಗಿ ಪಾಠ ಮಾಡಬೇಕು.

ಅವಸರದಲ್ಲಿ,
ನಿನ್ನ ವನಜಾ