ಕ್ಲಾಸ್‌ಮೇಟ್ ರೇಟು

ಮೂಡುಬಿದಿರೆ
18-11-2003, ಮಂಗಳವಾರ

ಪ್ರೀತಿಯ ಶುಕೂರ್,

ಅಸ್ಸಲಾಮು ಅಲೈಕುಂ.

ನೀನು ಬಂಟ್ವಾಳದಿಂದ ಹಾಕಿದ ಕಾರ್ಡು ಬಂದು ಇಪ್ಪತ್ತು ದಿನ ಕಳೆಯಿತು. ಆಪರೇಶನ್ ಆದ ಕಾಲು ಒಣಗುತ್ತಿದೆ, ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಯುತ್ತೇನೆ, ಮಗಳು ಉಪ್ಪಿಲ್ಲದ ಗಂಜಿ ಕೊಟ್ಟು ಕೊಲ್ಲುತ್ತಾಳೆ ಎಂದೆಲ್ಲ ಬರೆದಿದ್ದೆ. ಓದಿ ಸಂತೋಷವಾಯಿತು, ನಗುವೂ ಬಂತು. ಉತ್ತರ ಬರೆಯದೆ ಇದ್ದದ್ದಕ್ಕೆ ಎಕ್ಸ್‌ಕ್ಯೂಸ್ ಕೇಳುತ್ತೇನೆ. ಮೊದಲ ಒಂದು ವಾರದ್ದು ಬರೀ ಸೋಮಾರಿತನ. ಆಮೇಲಿನ ದಿನಗಳದ್ದು ಬೇರೆ. ಅದನ್ನು ಹೇಳಲಿಕ್ಕೆಂದೇ ಈ ಕಾಗದ.

ಕಾಲೇಜಿನಲ್ಲಿ ನಮಗಿಬ್ಬರಿಗೂ ಕಲಿಸಿದ ಪ್ರಕಾರ 'ಐ ಬೆಗ್ ಟು ಸ್ಟೇಟ್ ದಟ್' ಎಂದು ಶುರು ಮಾಡಬೇಕು. ಆ 'ಬೆಗ್' ಎಂಬ ಮಾತು ಬರೆಯಲು ನನಗೆ ಈಗ ಕೈ ಬರುವುದಿಲ್ಲ. ಯಾಕೆ ಎಂದು ನಿನಗೆ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಮೊದಲು ಮನೆಯ ಸುದ್ದಿ. ನುಸ್ರತ್ ಸೆಕೆಂಡ್ ಪಿಯುಸಿ. ಅಡುಗೆಯೂ ಅವಳೇ, ತಮ್ಮ ತಂಗಿಯನ್ನು ಗದರಿಸುವುದೂ ಅವಳೇ. ಅಝೀಮ್ ಎಸ್ಸೆಸ್ಸೆಲ್ಸಿ, ಗಣಿತ ನನ್ನ ಹಾಗೆಯೇ. ಶಬ್ನಾ ಏಳನೆಯದು. ಅವಳು ರಂಝಾನಿನ ಉಪವಾಸ ಹಿಡಿಯುತ್ತೇನೆ ಎಂದು ಹಟ ಮಾಡಿ ಮಧ್ಯಾಹ್ನಕ್ಕೆ ಬಿಡುತ್ತಾಳೆ. ನನಗೆ ಹಾಸ್ಟೆಲ್ ಮೆಸ್ಸಿನ ಸ್ಟೋರ್‌ಕೀಪರ್ ಕೆಲಸದಲ್ಲಿ ಇದು ನಾಲ್ಕನೆಯ ವರ್ಷ. ರಾಯಚೂರು, ಬಿಜಾಪುರದ ಮಕ್ಕಳು ನಮ್ಮ ಕುಚ್ಚಲಕ್ಕಿಯನ್ನು ನೋಡಿ ಮುಖ ಹುಳ್ಳಗೆ ಮಾಡುತ್ತಾರೆ. ಅಡುಗೆಯ ಮಾಯಿಲಪ್ಪ ಎರಡು ವಾರ ಹಿಂದೆ ಹೇಳಿದ, "ಹನೀಫಾಕ, ನೀವು ಅಕ್ಕಿ ತೂಗುವಾಗ ತಕ್ಕಡಿ ಹೆದರ್ತದೆ ಮಾರಾಯ್ರೆ. ಒಂದು ಕಾಳು ಹೆಚ್ಚು ಬಿದ್ದರೂ ನಿಮ್ಮ ಕಣ್ಣು ಅಲ್ಲಿಗೇ ಹೋಗ್ತದೆ." ನಾನು ಹೇಳಿದೆ, "ಮೂರು ಮಕ್ಕಳನ್ನು ಡಿಪೋ ಸಂಬಳದಲ್ಲಿ ಸಾಕಿದ ಕಣ್ಣು ಅದು." ಹಾಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತುಂಟಾ? ಅದು ಕಕ್ಕಿಂಜೆಯಿಂದ ಆ ಪಾರ್ಸೆಲ್ ಬರುವುದಕ್ಕೆ ಎರಡು ದಿನ ಮೊದಲಿನ ಮಾತು.

ಈ ಸಲ ಬ್ಯಾಂಕಿನಲ್ಲಿ ನನ್ನ ಹನ್ನೆರಡು ಸಾವಿರ ರೂಪಾಯಿ ಒಂದು ವರ್ಷ ಪೂರ್ತಿ ಮುಟ್ಟದೆ ಉಳಿಯಿತು. ಇಲ್ಲಿಯ ಮಸೀದಿಯ ಉಸ್ತಾದರಲ್ಲಿ ಕೇಳಿದೆ. "ಹಾಗಾದರೆ ನಿಮಗೆ ಝಕಾತ್ ಕಡ್ಡಾಯ ಉಂಟಲ್ಲ" ಎಂದರು. ನೂರಕ್ಕೆ ಎರಡೂವರೆಯಂತೆ ಮುನ್ನೂರು. ಐವತ್ತು ವರ್ಷದ ಬಾಳಿನಲ್ಲಿ ಮೊದಲನೇ ಸಲ ನಾನು ಝಕಾತ್ ಕೊಡುವವನಾದೆ. ಈ ಮುನ್ನೂರು ಕಕ್ಕಿಂಜೆಯಲ್ಲೇ ಹೋಗಲಿ, ನನ್ನ ಕಷ್ಟ ನೋಡಿದ ಊರು ಅದು ಎಂದುಕೊಂಡೆ. ನೀನು ಊರಲ್ಲಿಲ್ಲ, ಅಂಗಡಿಯಲ್ಲಿರುವುದು ನಿನ್ನ ಮಗ. ಹಿಶಾಮ್‌ಗೆ ಫೋನ್ ಮಾಡಿ, ಯಾರಿಗೆ ಕೊಡಬಹುದು ಎಂದು ಕೇಳಿದೆ. ಅವನು ಬಹಳ ಮರ್ಯಾದೆಯ ಹುಡುಗ. "ಬಾಪಾನ ಹಳೆ ಪಟ್ಟಿ ಉಂಟು ಹನೀಫಾಕ, ಕಳಿಸ್ತೇನೆ. ನೀವು ಗುರುತು ಹಾಕಿ ಕೊಡಿ, ನಾನು ಮನೆಗೇ ಮುಟ್ಟಿಸ್ತೇನೆ" ಎಂದ. ಮರುದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ. ಬೀಡಿ ನೂಲಿನಲ್ಲಿ ಕಟ್ಟಿದ ಉದ್ದದ ನೋಟುಬುಕ್ಕು. ಅವನು ಅದನ್ನು ತೆರೆದು ನೋಡಿರಲಿಕ್ಕಿಲ್ಲ. ನೋಡಿದ್ದರೆ ಕಳಿಸುತ್ತಿರಲಿಲ್ಲ. ಅವನಿಗೆ ನೀನು ಬೈಯಬೇಡ.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ತೆರೆದೆ. ಸೌದಿಯ ಜುಬೈಲಿನಲ್ಲಿರುವ ನಿನ್ನ ಭಾವ ವರ್ಷವರ್ಷ ಝಕಾತಿನ ಹಣ ಕಳಿಸುತ್ತಿದ್ದದ್ದು, ನೀನು ಅದನ್ನು ಹಂಚಿ ಅವನಿಗೆ ಲೆಕ್ಕ ಒಪ್ಪಿಸುತ್ತಿದ್ದದ್ದು ನನಗೆ ಗೊತ್ತಿದ್ದದ್ದೇ. ಹೆಸರುಗಳನ್ನು ಓದುತ್ತ ಹೋದೆ. ಪಾಪ, ಇವನೂ ಇದ್ದನಾ, ಇವಳೂ ಇದ್ದಳಾ ಎಂದು ಮರುಗುತ್ತ ಓದಿದೆ ಶುಕೂರ್. ಕೊಡುವವನ ಮರುಕ ಅದು. ಹೊಸ ಅಂಗಿಯ ಹಾಗೆ ಅದನ್ನು ಹಾಕಿಕೊಂಡು ಕೂತಿದ್ದೆ. ಪುಟ ತಿರುಗಿಸಿದೆ.

'1993. ಹನೀಫಾ, ಮರದ ಡಿಪೋ ರೈಟರ್. ಜನ ಐದು. ರೂ. 500.'

ನಿನ್ನದೇ ಅಕ್ಷರ. ಮುಂದಿನ ವರ್ಷ 550. ಹಾಗೆ 1998ರವರೆಗೆ ಆರು ವರ್ಷ. ಬಡವರ ಪಟ್ಟಿಯಲ್ಲಿ ಡೆಸಿಗ್ನೇಶನ್ ಇದ್ದವನು ನಾನೊಬ್ಬನೇ.

ಗುರುವಾಯನಕೆರೆಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಯಾರೋ ಒಬ್ಬರು, "ಉಪವಾಸವಾ? ತಲೆ ತಿರುಗ್ತದಾ?" ಎಂದು ಕೇಳಿದರು. ಹೌದು ಎಂದೆ.

ಆ ವರ್ಷಗಳು ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಒಂದೊಂದು ದಿನವೂ ಉಂಟು. ಮಳೆಗಾಲದಲ್ಲಿ ಡಿಪೋ ಮುಚ್ಚಿದರೆ ಮೂರು ತಿಂಗಳು ಸಂಬಳ ಇಲ್ಲ. ಶಾಲೆ ತೆರೆಯುವುದೂ ಸರಿಯಾಗಿ ಅದೇ ಜೂನ್‌ನಲ್ಲಿ. ಮನೆಯಲ್ಲಿ ನನ್ನ ಝೈನಬ್ ಮೂರು ಪೌಡರ್ ಡಬ್ಬಿ ಇಟ್ಟಿದ್ದಳು. ಒಂದು ಅಕ್ಕಿಗೆ, ಒಂದು ಶಾಲೆಗೆ, ಒಂದು ಜ್ವರಕ್ಕೆ. ಅವಳು ಕಟ್ಟಿದ ಬೀಡಿಯ ದುಡ್ಡು ಬಂದ ಶನಿವಾರ ಮೂರಕ್ಕೂ ಹಂಚುವುದು. ಶಾಲೆಯ ಡಬ್ಬಿಯಿಂದ ಅಕ್ಕಿಗೆ ತೆಗೆಯಬಹುದು, ಅಕ್ಕಿಯ ಡಬ್ಬಿಯಿಂದ ಶಾಲೆಗೆ ತೆಗೆಯಬಹುದು, ಜ್ವರದ ಡಬ್ಬಿ ಮುಟ್ಟಬಾರದು, ಇದು ಅವಳ ಕಾನೂನು. ಅಝೀಮ್‌ನ ಚಡ್ಡಿಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಸುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಹಳೇ ಗೆರೆಗಳು ಕಾಣುತ್ತಿದ್ದವು. ಕಳೆದ ವರ್ಷದ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು ಬೀಡಿ ನೂಲಿನಲ್ಲಿ ಹೊಲಿದು ಹೊಸ ಪುಸ್ತಕ ಮಾಡುತ್ತಿದ್ದಳು. ಹಬ್ಬಕ್ಕೆ ಒಂದೇ ಥಾನಿನ ಬಟ್ಟೆಯಲ್ಲಿ ಮೂವರಿಗೂ. ನೀನೇ ಅಂಗಡಿಯಲ್ಲಿ ಕೂತು, "ಏನು ಹನೀಫಾ, ಬ್ಯಾಂಡ್ ಸೆಟ್ ಎಲ್ಲಿಗೆ ಹೊರಟಿತು?" ಎಂದು ನಗಾಡಿದ್ದೆ.

ನಾನು ಒಂದು ಸಲ ಅವಳಿಗೆ ಎಕನಾಮಿಕ್ಸ್ ಹೇಳಿಕೊಟ್ಟೆ. ಮಾರ್ಜಿನಲ್ ಯುಟಿಲಿಟಿ, ನಮ್ಮ ಲೆಕ್ಚರರ್ ಕಿತ್ತಳೆ ಹಣ್ಣು ಇಟ್ಟು ಕಲಿಸಿದ್ದು. ಮೊದಲನೇ ಒರೊಟ್ಟಿಯ ರುಚಿ ಎರಡನೆಯದಕ್ಕಿಲ್ಲ, ಎರಡನೆಯದರದ್ದು ಮೂರನೆಯದಕ್ಕಿಲ್ಲ ಎಂದೆ. ಅವಳು ಕಾವಲಿಯಿಂದ ಕಣ್ಣು ತೆಗೆಯದೆ, "ಹಾಗಾದ್ರೆ ನಿಮಗೆ ಎರಡೇ ಸಾಕಲ್ಲ" ಎಂದು ಮೂರನೆಯದನ್ನು ಮಕ್ಕಳ ತಟ್ಟೆಗೆ ಹಾಕಿದಳು. ಆ ದಿನ ಅವಳ ತಟ್ಟೆಯಲ್ಲಿ ಎಷ್ಟಿತ್ತು ಎಂದು ನಾನು ನೋಡಲಿಲ್ಲ.

ಇಷ್ಟೆಲ್ಲ ಇದ್ದರೂ ವರ್ಷಕ್ಕೊಮ್ಮೆ ನಾನು ತಲೆ ಎತ್ತಿ ನಡೆಯುತ್ತಿದ್ದೆ. ಪೆರ್ನಾಲ್ ಹಬ್ಬಕ್ಕೆ ಎರಡು ದಿನ ಇರುವಾಗ ನಿನ್ನ ಅಂಗಡಿಗೆ ಬಂದು ಸಾಲದ ಪುಸ್ತಕ ಕೇಳುತ್ತಿದ್ದೆ. ಐನೂರೋ ಆರುನೂರೋ ಬಾಕಿ ಇರಬಹುದು ಎಂದು ಮನಸ್ಸಲ್ಲೇ ಲೆಕ್ಕ ಹಾಕಿಕೊಂಡು ಬರುತ್ತಿದ್ದೆ. ನೀನು ಪುಟ ತಿರುಗಿಸಿ, "ನಲವತ್ತೆರಡು ರೂಪಾಯಿ" ಎನ್ನುತ್ತಿದ್ದೆ.

"ಇಷ್ಟೇ ಉಂಟಾ? ಸರಿ ನೋಡು ಮಾರಾಯ."

"ನೋಡ್ಲಿಕ್ಕೆ ಏನುಂಟು? ನಿನಗೆ ನಾನು ಹಾಕುವುದು ಅಸಲು ಬೆಲೆ. ಕ್ಲಾಸ್‌ಮೇಟ್ ರೇಟು. ಜೊತೆಗೆ ಫೇಲಾದವನ ಹತ್ತಿರ ಲಾಭ ತಕ್ಕೊಳ್ಳಿಕ್ಕುಂಟಾ?"

ನಾನು ನಂಬಿದೆ. ನಂಬದೆ ಇರಲಿಕ್ಕೆ ಕಾರಣವೂ ಇರಲಿಲ್ಲ. ನಿನ್ನ ಸೇಲ್ಸ್ ಟ್ಯಾಕ್ಸಿನ ಕಾಗದಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದವನು ನಾನು. ಅದಕ್ಕೆ ನಾನು ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ, ನೀನು ನನ್ನಿಂದ ಲಾಭ ತೆಗೆದುಕೊಳ್ಳುತ್ತಿರಲಿಲ್ಲ. ಈಕ್ವಲ್ ಈಕ್ವಲ್. ಡಿಪೋದಲ್ಲಿ ಎಲ್ಲರ ಎದುರು ಹೇಳಿಕೊಂಡಿದ್ದೇನೆ, ಶುಕೂರ್ ನನಗೆ ಹಾಕುವ ರೇಟು ಈ ಊರಲ್ಲಿ ಇನ್ಯಾರಿಗೂ ಇಲ್ಲ ಎಂದು. ಆ ನಲವತ್ತೆರಡು ಕೊಟ್ಟು, ಉಳಿದದ್ದರಲ್ಲಿ ಇಂಗ್ಲಿಷ್ ಪೇಪರ್ ಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದೆ. ಇಂಗ್ಲಿಷ್ ಮರೆತು ಹೋಗಬಾರದಲ್ಲ. ಮನೆಯಲ್ಲಿ ಮಕ್ಕಳಿಗೆ ಹಾಲಿಗೆ ನೀರು ಬೆರೆಸುವಾಗಲೂ ಆ ಪೇಪರ್ ನಾನು ನಿಲ್ಲಿಸಲಿಲ್ಲ. ಪೆರ್ನಾಲಿನ ಬೆಳಿಗ್ಗೆ ನಿನ್ನ ಅಂಗಡಿಯ ಅಕ್ಕಿಯನ್ನೇ ಅಳೆದು ನಮಗಿಂತ ಬಡವರಿಗೆ ಫಿತ್ರ್ ಝಕಾತ್ ಕೊಟ್ಟು ಬರುತ್ತಿದ್ದೆ. ಆ ಅಕ್ಕಿ ಯಾರದ್ದಾಗಿತ್ತು ಶುಕೂರ್?

ಇದಕ್ಕಿಂತಲೂ ಒಂದು ಸಂಗತಿ ಉಂಟು. ತೊಂಬತ್ತಾರರಲ್ಲಿ ಮಸೀದಿಯ ಕಮಿಟಿಯಲ್ಲಿ ಸಹಾಯದ ಪಟ್ಟಿ ಓದುವಾಗ ಡಿಪೋದ ಹಮಾಲಿ ಅಬ್ದುಲ್ಲನ ಹೆಸರು ಬಂತು. ನಾನು ಎದ್ದು ನಿಂತೆ. "ಮರದ ದಿಮ್ಮಿ ಎತ್ತುವ ಮೈ ಅವನದ್ದು. ದುಡಿದು ತಿನ್ನುವ ಮೈ ಇದ್ದವನಿಗೆ ಯಾಕೆ? ನಾನು ಮೂರು ಮಕ್ಕಳನ್ನು ಸಾಕುವುದಿಲ್ಲವಾ? ಸೆಲ್ಫ್ ರೆಸ್ಪೆಕ್ಟ್ ಬೇಕು" ಎಂದೆ. ಹೆಸರು ಹೊಡೆದು ಹಾಕಿದರು. ನೀನು ನನ್ನ ಪಕ್ಕದಲ್ಲೇ ಕೂತು ಚಾಪೆಯ ಎಳೆ ಕೀಳುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ನೀನು, "ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು" ಎಂದೆ ಅಷ್ಟೆ. ನಿನ್ನ ನೋಟುಬುಕ್ಕಿನ ಅದೇ ವರ್ಷದ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಅಬ್ದುಲ್ಲನ ಹೆಸರುಂಟು. ಇಬ್ಬರಿಗೂ 650. ಆ ದಿನ ನೀನು ನನ್ನ ಲುಂಗಿ ಹಿಡಿದು ಎಳೆದು ಕೂರಿಸಬೇಕಿತ್ತು. ಬೈದಿದ್ದರೂ ಸರಿ, ಒಂದು ಪೆಟ್ಟು ಕೊಟ್ಟಿದ್ದರೂ ಸರಿ. ನೀನು ನನ್ನನ್ನು ಮಾತಾಡಲಿಕ್ಕೆ ಬಿಟ್ಟೆ.

ಉಸ್ತಾದರಲ್ಲಿ ಕೇಳಿದೆ, ಯಾರದ್ದೋ ವಿಷಯ ಎಂಬ ಹಾಗೆ. "ಇದು ಝಕಾತ್ ಎಂದು ಪಡೆಯುವವನಿಗೆ ಹೇಳಲೇಬೇಕೆಂದಿಲ್ಲ. ಅವನ ಮಾನ ಉಳಿದರೆ ಒಳ್ಳೆಯದೇ" ಎಂದರು. ಹಾಗಾಗಿ ನೀನು ತಪ್ಪು ಮಾಡಲಿಲ್ಲ. ನಾನು ತಪ್ಪು ಒಪ್ಪು ಕೇಳುತ್ತಿಲ್ಲ. ನನಗೆ ಈ ಲೋಕದಲ್ಲಿ ಇದ್ದದ್ದು ಒಬ್ಬ ಸ್ನೇಹಿತ. ಅವನ ಎದುರು ಬೆಂಚಿನಲ್ಲಿ ಕೂತು ಚಹಾ ಕುಡಿಯುವಾಗ ನಾನು ಅವನಿಗೆ ಸಮ ಎಂದುಕೊಂಡಿದ್ದೆ. ನೀನು ಆ ಹೊತ್ತಿಗೆ 'ಜನ ಐದು' ಎಂದು ಎಣಿಸಿಕೊಂಡಿದ್ದೆ. ಹತ್ತು ವರ್ಷ ಹಿಂದಿನಿಂದ ಆ ಒಂದೊಂದು ಚಹಾವೂ ಈಗ ಬಾಯಿಗೆ ಬೇರೆ ರುಚಿಯಾಗಿ ಬರುತ್ತದೆ. ಯಾವುದು ಸ್ನೇಹ, ಯಾವುದು ಕನಿಕರ ಎಂದು ನೀನೇ ಹೇಳಬೇಕು, ನನಗೆ ಬಿಡಿಸಲಿಕ್ಕಾಗುವುದಿಲ್ಲ.

ಮುನ್ನೂರು ರೂಪಾಯಿಯನ್ನು ಹಿಶಾಮ್‌ಗೆ ಮನಿಯಾರ್ಡರ್ ಮಾಡಿದ್ದೇನೆ. ಅಬ್ದುಲ್ಲನಿಗೆ ಈಗ ಬೆನ್ನು ಬಿದ್ದು ಹೋಗಿದೆಯಂತೆ. ಅವನ ಮನೆಗೆ ಕೊಡಲು ನೀನು ಮಗನಿಗೆ ಹೇಳು. ಯಾರು ಕೊಟ್ಟದ್ದು ಎಂದು ಹೇಳುವುದು ಬೇಡ, ಝಕಾತ್ ಎಂದೂ ಬೇಡ. ಡಿಪೋದ ಹಳೇ ಕೂಲಿ ಬಾಕಿ ಎಂದು ಏನಾದರೂ ಹೇಳಿ ಕೊಡಲಿ. ನೀನು ಮಾಡಿದ್ದನ್ನೇ ನಾನೂ ಮಾಡಲು ಹೇಳುತ್ತಿದ್ದೇನೆ, ಗೊತ್ತುಂಟು. ಗೊತ್ತಿದ್ದರೂ ಸಿಟ್ಟು ಇಳಿಯುವುದಿಲ್ಲ.

ನೋಟುಬುಕ್ಕನ್ನು ವಾಪಸು ಕಳಿಸುವುದಿಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟಿದ್ದೇನೆ.

ನಿನ್ನ ಕಾಲು ಬೇಗ ಗುಣವಾಗಲಿ. ಗೋಡೆ ಬಿಟ್ಟು ನಡೆಯುವ ಹಾಗೆ ಅಲ್ಲಾಹನು ಮಾಡಲಿ, ಈ ಪೆರ್ನಾಲಿನ ನಮಾಝಿಗೆ ನಿನ್ನ ಕಾಲಲ್ಲೇ ನೀನು ಹೋಗುವಂತಾಗಲಿ. ನಿನ್ನ ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಸಲಾಂ. ಗಂಜಿಗೆ ಉಪ್ಪು ಕೇಳಬೇಡ, ಡಾಕ್ಟರು ಹೇಳಿದಂತೆ ಇರು.

ಗುರುತಿನವರಿಗೆ ಸಿನ್ಸಿಯರ್ಲಿ, ಗುರುತಿಲ್ಲದವರಿಗೆ ಫೇತ್‌ಫುಲ್ಲಿ ಎಂದು ನಮಗೆ ಕಲಿಸಿದ್ದರು. ಇವತ್ತು ನಿನಗೆ ಯಾವುದು ಹಾಕಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟಿದ್ದೇನೆ.

ಇಂತು,
ಕೆ. ಎಂ. ಹನೀಫಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ. ಎಲ್ಲ ನೀನೊಬ್ಬನೇ ಮಾಡಿದ ಹಾಗೆ ಇಷ್ಟು ಹೊತ್ತು ಬರೆದೆ. ನಿನ್ನ ಪಟ್ಟಿಯಲ್ಲಿ ಕೊನೆಗೆ ಇನ್ನೊಂದು ಕಾಲಂ ಉಂಟಲ್ಲ, 'ಪಡೆದವರ ಸಹಿ'. ನನ್ನ ಹೆಸರಿನ ಎದುರು ಆರು ವರ್ಷವೂ ಝೈನಬ್‌ಳ ಸಹಿ. ಅಂದರೆ ಅವಳೇ ಬಂದು ಹಣ ಪಡೆದು, ಅಲ್ಲೇ ನನ್ನ ಸಾಲದ ಪುಸ್ತಕಕ್ಕೆ ಕಟ್ಟಿ ಹೋದದ್ದು. ಅವಳಿಗೆ ಮದ್ರಸದ ಓದು ಮಾತ್ರ, ಕನ್ನಡ ಬರೆಯಲು ಬರುತ್ತಿರಲಿಲ್ಲ. ಮದುವೆಯಾದ ವರ್ಷ ಬೀಡಿ ಲೇಬಲಿನ ಹಿಂದೆ ಬರೆಸಿ ಬರೆಸಿ ಆ ಸಹಿ ಕಲಿಸಿದವನು ನಾನು. 'ಝ'ದ ಕಾಲು ಅವಳಿಗೆ ಕೊನೆಯವರೆಗೂ ಸರಿ ಬರಲಿಲ್ಲ, ಆರು ಕಡೆಯೂ ಅದೇ ತಪ್ಪು. "ಇದನ್ನು ನಾನು ಎಲ್ಲಿ ಹಾಕ್ಲಿಕ್ಕುಂಟು?" ಎಂದು ಕೇಳಿದ್ದಳು. "ನಿನ್ನ ಹೆಸರಲ್ಲಿ ಬ್ಯಾಂಕಿನಲ್ಲಿ ಅಕೌಂಟ್ ಮಾಡುವ" ಎಂದಿದ್ದೆ. ಮಾಡಲಿಲ್ಲ. ಪೆರ್ನಾಲಿಗೆ ಎರಡು ದಿನ ಇರುವಾಗ ನಾನು ಪೇಪರ್ ಹಿಡಿದು ಮನೆಗೆ ಬಂದು, ಬಾಕಿ ನಲವತ್ತೆರಡೇ ಇತ್ತು ಎಂದರೆ, "ನಿಮ್ಮ ಕ್ಲಾಸ್‌ಮೇಟ್ ಒಳ್ಳೆಯವರು" ಎನ್ನುತ್ತಿದ್ದಳು, ಮುಖದಲ್ಲಿ ಒಂದು ಗೆರೆ ಬದಲಾಗದೆ. ಅವಳು ಹೋಗಿ ಮೂರು ವರ್ಷವಾಯಿತು, ಅವಳನ್ನು ಕೇಳಲಿಕ್ಕಾಗುವುದಿಲ್ಲ. ನಿನ್ನನ್ನು ಕೇಳುತ್ತೇನೆ. ಮನೆಯಲ್ಲಿ ಅಕ್ಕಿ ಇಲ್ಲ ಎಂದು ನಿನ್ನ ಹತ್ತಿರ ಹೇಳಬಹುದಿತ್ತು ಅವಳಿಗೆ, ನನ್ನ ಹತ್ತಿರ ಯಾಕೆ ಆಗಲಿಲ್ಲ? ಮೊದಲನೇ ವರ್ಷ ಅಂಗಡಿಯ ಮೆಟ್ಟಿಲಲ್ಲಿ ನಿಂತು ಅವಳು ನನ್ನ ಬಗ್ಗೆ ಏನು ಹೇಳಿದಳು, ಅದೊಂದು ಬರೆ. ಬೇರೆ ಏನೂ ಬರೆಯಬೇಡ.