ಮೀನು ಸಾಕು

ಕ್ರೋಂಪೇಟೆ, ಚೆನ್ನೈ
ಮಂಗಳವಾರ, 16 ಸೆಪ್ಟೆಂಬರ್ 2025

ಪ್ರಿಯ ಶ್ರೀಪ್ರಿಯಾ,

ಎರಡೆರಡು ಸಲ ‘ಪ್ರಿಯ’ ಬಂತೆಂದು ನಗಬೇಡ. ನಿಮ್ಮಪ್ಪ ಹೆಸರಿಡುವಾಗಲೇ ನನ್ನ ಕೆಲಸ ಅರ್ಧ ಮುಗಿಸಿಟ್ಟಿದ್ದರು, ಉಳಿದರ್ಧ ನಾನು ಮಾಡಿದೆ. ನಿನ್ನ ಮೊಣಕಾಲು ಹೇಗಿದೆ? ವಿಭಾಳ ಅಪಾರ್ಟ್‌ಮೆಂಟಿನ ಲಿಫ್ಟ್ ಸರಿಹೋಯಿತೋ, ಇಲ್ಲಾ ಈಗಲೂ ನಾಲ್ಕು ಮಹಡಿ ಹತ್ತಿಳಿಯುತ್ತಿದ್ದೀಯೋ? ಮೊಮ್ಮಗುವಿಗೆ ಎಣ್ಣೆ ತಿಕ್ಕುವ ಭರದಲ್ಲಿ ನಿನ್ನ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಮರಿಗೆ ಚುಚ್ಚುಮದ್ದಿನ ಜ್ವರ ಇಳಿಯಿತೆ? ವಿಭಾ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆಯೆ? ಇಲ್ಲಿ ನನ್ನ ಆರೋಗ್ಯ ಚೆನ್ನಾಗಿದೆ. ಸಕ್ಕರೆ ಡಬ್ಬದಲ್ಲಿ ಖಾಲಿ, ರಕ್ತದಲ್ಲಿ ಮಾತ್ರ ಭರ್ತಿ ಎಂದು ಡಾಕ್ಟರು ಹೇಳಿದರು. ಮಾತ್ರೆ ತಪ್ಪಿಸಿಲ್ಲ, ಆಣೆ.

ಫೋನಿರುವಾಗ ಕಾಗದವೇಕೆ ಎಂದು ಕೇಳುತ್ತೀಯ. ಫೋನು ಕೈಗೆ ಬಂದರೆ ನನ್ನ ಬಾಯಿಗೆ ತಮಾಷೆ ಬಿಟ್ಟು ಬೇರೇನೂ ಬರುವುದಿಲ್ಲ ಎಂಬುದು ಮೊನ್ನೆ ಶುಕ್ರವಾರ ನನಗೇ ಗೊತ್ತಾಯಿತು. ನವೆಂಬರಿಗೆ ವಿಭಾಳ ಬ್ಯಾಂಕಿನ ಹೆರಿಗೆ ರಜೆ ಮುಗಿಯುತ್ತದೆ, ಮಗುವನ್ನು ನೋಡಿಕೊಳ್ಳಲು ಇನ್ನೊಂದು ವರ್ಷ ಪುಣೆಯಲ್ಲೇ ಇರಲಾ, ಭಾನುವಾರದೊಳಗೆ ಅವಳಿಗೆ ಹೇಳಬೇಕು ಎಂದು ನೀನು ಕೇಳಿದೆ. ನಾನು ಅರೆಕ್ಷಣವೂ ಯೋಚಿಸದೆ, ‘ಇರು ಇರು, ನನಗೆ ನನ್ನ ಮೀನುಗಳಿವೆ’ ಎಂದೆ. ನೀನು ನಗಲಿಲ್ಲ. ‘ಸರಿ’ ಎಂದೆ. ನಿನ್ನ ಆ ‘ಸರಿ’ ಸರಿಯಾಗಿರಲಿಲ್ಲ. ಅದಕ್ಕೇ ಈ ಕಾಗದ. ಮೊದಲು ಮೀನಿನ ವಿಷಯವನ್ನು ಕ್ರಮವಾಗಿ ಹೇಳುತ್ತೇನೆ, ಫೋನಿನಲ್ಲಿ ತುಂಡು ತುಂಡಾಗಿ ಕೇಳಿದ್ದೀಯ.

ಎದುರು ಮನೆಯ ಪರಮೇಶ್ವರಪ್ಪನವರು ಜೂನ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಮುಚ್ಚಿದ್ದು ನಿನಗೆ ಗೊತ್ತು. ಅಂಗಡಿಯಲ್ಲಿದ್ದ ಗಾಜಿನ ತೊಟ್ಟಿಯನ್ನು ನಾಲ್ಕು ಗಪ್ಪಿ ಮೀನುಗಳ ಸಮೇತ ತಂದು ನಮ್ಮ ಹಾಲಿನಲ್ಲಿ ಇಟ್ಟು, ‘ನಿಮಗೂ ಹೊತ್ತು ಹೋಗತೈತಿ ಇಟ್ಕೊಳ್ರಿ ಸಾರ್’ ಎಂದರು. ಅಲ್ಲಿ ನಿನಗೆ ತೊಟ್ಟಿಲು, ಇಲ್ಲಿ ನನಗೆ ತೊಟ್ಟಿ. ನನ್ನ ಪಾಲಿಗೆ ಒಂದು ‘ಲು’ ಕಡಿಮೆ ಬಿತ್ತು, ಅಷ್ಟೆ. ಬೋರು ಹೊಡೆದವನ ಮನೆಗೆ ಬೋರ್ ನೀರೇ ಗತಿ, ಅದನ್ನೇ ತುಂಬಿದೆ. ಸುದ್ದಿ ಮಹಡಿ ಏರಿತು. ಮೇಲ್ಮನೆಯ ಜಯಲಕ್ಷ್ಮಮ್ಮ, ಎಂಬತ್ತೆರಡರ ಹೆಂಗಸು, ಮೆಟ್ಟಿಲಿನ ಕಟಕಟೆ ಹಿಡಿದು ಇಳಿದು ಬಂದರು. ‘ಏನೋ ಸುಜಯಾ, ಹೆಂಡ್ತಿ ಊರಲ್ಲಿಲ್ಲ ಅಂತ ಮಾಧ್ವರ ಮನೆಗೆ ಮೀನು ತಂದ್ಯಂತೆ! ಅಯ್ಯಯ್ಯೋ, ಅಡುಗೆಮನೆ ಪಕ್ಕದಲ್ಲೇ ಬೇರೆ ವೆಚ್ಚಿದ್ದೀಯಲ್ಲೋ!’ ತಮಿಳು ಬೆರೆತ ಅಜ್ಜಿಯ ಕನ್ನಡದಲ್ಲಿ ಇಡುವುದೆಲ್ಲ ವೆಚ್ಚುವುದೇ. ತಿನ್ನಲಿಕ್ಕಲ್ಲ, ನೋಡಲಿಕ್ಕೆ, ಮೊದಲನೆಯ ಅವತಾರ ಅಲ್ಲವೆ ಎಂದೆ. ಅವತಾರ ಎಂದ ಮೇಲೆ ಅಜ್ಜಿ ತೊಟ್ಟಿಯೊಳಗೆ ಬಗ್ಗಿ ನೋಡಿದರು. ಆದರೆ ಹೋಗುವಾಗ ಕೈಮುಗಿಯುವುದೋ ಬಿಡುವುದೋ ತಿಳಿಯದೆ, ಮುಗಿಯಲು ಎತ್ತಿದ ಕೈಯಲ್ಲಿ ಮೂಗು ಮುಚ್ಚಿಕೊಂಡು ಹೋದರು.

ಆಮೇಲೆ ಇಲ್ಲಿಯ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಒಂದು ಟೈಗರ್ ಬಾರ್ಬ್ ಕಂಡಿತು. ಹೆಬ್ಬೆರಳುದ್ದದ ಮೀನು, ಹೊಂಬಣ್ಣದ ಮೈಮೇಲೆ ನಾಲ್ಕು ಕಪ್ಪು ಪಟ್ಟೆ, ರೆಕ್ಕೆಯ ಅಂಚಿಗೆ ಕುಂಕುಮದ ಬಣ್ಣ. ಒಂದನ್ನು ತಂದೆ. ನಿನಗೆ ‘ಮನೆಗೆ ಹುಲಿ ತಂದೆ, ಇನ್ನೂ ತರಲಾ?’ ಎಂದು ಮೆಸೇಜು ಹಾಕಿದೆ. ನೀನು ಹುಲಿಯನ್ನು ಹುಳಿ ಎಂದು ಓದಿಕೊಂಡು ಯಾವ ಮೆಸ್ಸಿನದು ಎಂದು ಕೇಳಿದೆ. ನಾನು ಮೀನಿನ ಫೋಟೋ ಕಳಿಸಿದೆ. ನಿನ್ನ ಉತ್ತರ ಎರಡೇ ಪದ: ‘ಮೀನು ಸಾಕು.’ ಶ್ರೀಪ್ರಿಯಾ, ನನ್ನನ್ನು ನೀನು ಬಲ್ಲೆ. ಕ್ಲಾಸಿನಲ್ಲಿ ಆಮ್ಲ ಪ್ರತ್ಯಾಮ್ಲ ಪಾಠ ಹೇಳುವಾಗಲೂ ಶ್ಲೇಷೆ ಬಿಡದವನು. ಅಂಥವನ ಕಣ್ಣಿಗೆ ಈ ಒಂದು ಶ್ಲೇಷೆ ಬೀಳಲೇ ಇಲ್ಲ. ಸಾಕು ಎಂದರೆ ಸಾಕುವುದು ಎಂದೇ ಓದಿದೆ. ಹೆಂಡತಿ ಅಪ್ಪಣೆ ಕೊಟ್ಟಳು, ಸಾಕೋಣ ಎಂದು ಹಿಗ್ಗಿದೆ. ಆ ದಿನ ಬೇರೆ ಯಾರೂ ನನಗೆ ಏನೂ ಹೇಳಿರಲಿಲ್ಲ; ಹೇಳಿದ್ದು ಅಪ್ಪಣೆಯೇ ಆಗಿರಲಿ ಎಂದು ಮನಸ್ಸಿಗೆ ಆಸೆಯಿದ್ದಿರಬೇಕು.

ಹುಲಿ ತನ್ನ ಗುಣ ತೋರಿಸಿತು. ಎರಡು ದಿನ ಮೂಲೆಯ ಗಿಡದ ಹಿಂದೆ ಮುಖ ಹಾಕಿಕೊಂಡಿತ್ತು. ಮೂರನೆಯ ದಿನ ಹೊರಗೆ ಬಂದು ಗಪ್ಪಿಗಳ ಬಾಲ ಕಚ್ಚತೊಡಗಿತು. ಆ ಗಪ್ಪಿಗಳಿಗೆ ಬಾಲವೇ ಸಂಪತ್ತು, ರೇಷ್ಮೆ ಸೆರಗಿನ ಹಾಗೆ ಎಳೆದುಕೊಂಡು ಓಡಾಡುತ್ತವೆ. ನಾಲ್ಕು ದಿನದಲ್ಲಿ ನಾಲ್ಕು ಸೆರಗೂ ಚಿಂದಿ. ತಿನ್ನುವುದಿಲ್ಲ, ಹಸಿವೆಗಲ್ಲ, ಸುಮ್ಮನೆ ಬಂದು ಕಚ್ಚಿ ಹೋಗುವುದು. ಇಂಗ್ಲಿಷಿನಲ್ಲಿ ಬಾರ್ಬ್ ಎಂದರೆ ಚುಚ್ಚುಮಾತು ಎಂದೂ ಅರ್ಥವಿದೆ ಎಂಬುದು ನೆನಪಾಗಿ ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಅದೇ ವಾರ ನಾನೂ ಒಬ್ಬರನ್ನು ಕಚ್ಚಿದ್ದೆ. ಪರಮೇಶ್ವರಪ್ಪನವರು ದಿನಾ ನಾಲ್ಕು ಗಂಟೆಗೆ ಕಾಫಿಗೆ ಬರುತ್ತಾರಲ್ಲ, ಅವತ್ತು ಅಂಗಡಿಯ ಹಳೆಯ ಗಿರಾಕಿಗಳ ಕಥೆ ತೆಗೆದಿದ್ದರು. ‘ಅಂಗಡಿ ಮುಚ್ಚಿದಿರಿ, ಸರಿ. ಬಾಯಿ ಯಾವಾಗ ಮುಚ್ಚುತ್ತೀರಿ?’ ಎಂದುಬಿಟ್ಟೆ. ತಮಾಷೆಗೇ. ನೀನು ಪಕ್ಕದಲ್ಲಿದ್ದಿದ್ದರೆ ‘ರೀ’ ಎಂದು ಕಣ್ಣು ಬಿಟ್ಟು, ಅವರಿಗೆ ಇನ್ನರ್ಧ ಲೋಟ ಕಾಫಿ ಬಗ್ಗಿಸಿ, ನನ್ನ ಮಾತಿನ ಮುಳ್ಳು ತೆಗೆದಿಡುತ್ತಿದ್ದೆ. ಅವರು ಲೋಟ ಕೆಳಗಿಟ್ಟು ಎದ್ದು ಹೋದರು. ಹನ್ನೊಂದು ದಿನ ಬರಲಿಲ್ಲ. ಅಷ್ಟು ದಿನವೂ ನಾಲ್ಕು ಗಂಟೆಗೆ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಸಿಂಕಿಗೆ ಚೆಲ್ಲಿದೆ.

ಹುಲಿಗೆ ಏನು ಮಾಡುವುದೆಂದು ಕೇಳಲು ಒಂದು ಭಾನುವಾರ ಕೊಳತ್ತೂರಿಗೆ ಹೋದೆ. ಹೆಸರಿನಲ್ಲೇ ಕೊಳವಿರುವ ಊರು, ಬೀದಿ ತುಂಬ ಮೀನಿನಂಗಡಿ. ಅಲ್ಲಿ ನನಗೆ ಸರಸ ಸಿಕ್ಕಿತು. ಗಾಬರಿಯಾಗಬೇಡ, ಸರಸ ಎಂಬುದು ಅಂಗಡಿಯಾಕೆಯ ಹೆಸರು, ಸಿಕ್ಕಿದ್ದು ಬೈಗುಳ. ಒಂದೇ ಬಾರ್ಬ್ ತಂದಿದ್ದೇನೆ ಎಂದಾಗ ಆಕೆ, ಜ್ವರ ಬಂದ ಮಗುವನ್ನು ಮಳೆಯಲ್ಲಿ ಕರೆದುಕೊಂಡು ಬಂದವನನ್ನು ನರ್ಸಮ್ಮ ನೋಡುವ ಹಾಗೆ ನೋಡಿ, ‘ತನಿಯಾ ಇರುಕ್ಕಾದು ಸಾರ್ ಇದು! ತನಿಯಾ ಇರುಂದಾ ಕಡಿಕ್ಕುಂ. ಎಟ್ಟಾವದು ವೇಣುಂ’ ಎಂದಳು. ಒಂಟಿಯಾಗಿ ಇರುವ ಜಾತಿಯಲ್ಲವಂತೆ. ಒಂಟಿಯಾದರೆ ಕಚ್ಚುತ್ತದಂತೆ. ಕಡೇಪಕ್ಷ ಎಂಟಾದರೂ ಬೇಕಂತೆ. ಈ ಊರಲ್ಲೇ ಹುಟ್ಟಿ ಅರವತ್ತೆರಡು ವರ್ಷ ತಮಿಳು ಕೇಳಿದ್ದೇನೆ, ಆದರೂ ‘ತನಿ’ ಎಂದರೆ ನನ್ನ ಕಿವಿಗೆ ಮೊದಲು ಕೇಳುವುದು ನಮ್ಮ ತನಿಯೇ, ತನಿವಣ್ಣಿನ ತನಿ, ಸಿಹಿ. ಆವತ್ತು ಮೊದಲ ಸಲ ಅವರ ತನಿ, ಒಂಟಿ ಎಂಬ ಅರ್ಥದ್ದು, ಕೇಳಿಸಿತು. ಅದರಲ್ಲಿ ಸಿಹಿ ಇರಲಿಲ್ಲ.

ಇನ್ನೇಳು ಬಾರ್ಬ್ ಕಟ್ಟಿಸಿಕೊಂಡೆ. ‘ಉದ್ದ ಬಾಲದವನ್ನು ಇವುಗಳ ಜೊತೆ ಇಡಬೇಡಿ’ ಎಂದು ಹೇಳಿ, ತಳದಲ್ಲಿ ಬಿದ್ದ ಆಹಾರ ತಿನ್ನಲು ಕೂಲಿ ಲೋಚ್ ಎಂಬ ಹುರಿಹಗ್ಗದಂಥ ಮೂರು ಮೀನು ಕೊಟ್ಟಳು. ಹೆಸರಿಗೆ ತಕ್ಕಂತೆ ಕೂಲಿ ಮಾಡುತ್ತವೆ, ನಮ್ಮ ಕೆಲಸದವಳ ಹಾಗೆ ಹೇಳದೆ ಕೇಳದೆ ರಜೆ ಹಾಕುವುದಿಲ್ಲ. ಎಲೆಕ್ಟ್ರಿಕ್ ಟ್ರೇನಿನಲ್ಲಿ ನೀರು ತುಂಬಿದ ಕವರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಟ್ರೇನು ತಿರುಗಿದಾಗೆಲ್ಲ ಏಳೂ ಒಟ್ಟಿಗೇ ಒಂದು ಕಡೆ ತಿರುಗುತ್ತಿದ್ದವು. ಮನೆಗೆ ಬಂದು ಅರ್ಧಗಂಟೆ ಕವರನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಬಿಚ್ಚಿದೆ. ನಮ್ಮ ಹಳೆಯ ಹುಲಿ ಗಿಡದ ಹಿಂದಿನಿಂದ ಬಂದು ನಿಂತಿತು. ಒಂದು ಸುತ್ತು ಹಾಕಿತು. ಆಮೇಲೆ ಎಂಟರಲ್ಲಿ ಅದು ಯಾವುದು ಎಂದು ನನಗೆ ಗುರುತೇ ಸಿಗಲಿಲ್ಲ. ಈಗ ಅವು ತಮ್ಮ ತಮ್ಮಲ್ಲೇ ಅಟ್ಟಾಡುತ್ತವೆ, ಯಾರ ಗೋಜಿಗೂ ಹೋಗುವುದಿಲ್ಲ.

ಗಪ್ಪಿಗಳನ್ನು ಪಾತ್ರೆಯಲ್ಲಿ ಹಾಕಿಕೊಂಡು ಎದುರು ಮನೆಯ ಬಾಗಿಲು ತಟ್ಟಿದೆ. ತಪ್ಪಾಯಿತು ಎಂದು ಪರಮೇಶ್ವರಪ್ಪನವರಿಗೆ ನೇರವಾಗಿ ಹೇಳಿದೆ. ಎಷ್ಟು ಕಷ್ಟ ಅದು! ಅವರು ಚಿಂದಿಯಾದ ಬಾಲಗಳನ್ನೇ ನೋಡುತ್ತಾ, ‘ಬಾಲ ಮತ್ತ ಬೆಳಿತಾವ್ ಬಿಡ್ರಿ’ ಎಂದರು. ಆಮೇಲೆ, ‘ಅಕ್ಕಾರು ಇದ್ದಾಗ ನೀವು ಹಿಂಗ ಇರಲಿಲ್ಲ ಸಾರ್’ ಎಂದರು. ಪಾತ್ರೆಯನ್ನು ಅವರ ಕೈಗೆ ಕೊಟ್ಟು ಮನೆಗೆ ಬಂದೆ.

ಇದೆಲ್ಲ ಆದ ಮೇಲೆ ಶುಕ್ರವಾರ ನಿನ್ನ ಫೋನು ಬಂತು. ಎಂಟು ಬಾರ್ಬ್ ಎಂದು ಕೇಳಿ ನೀನು, ‘ಮೀನು ಸಾಕು ಅಂದಿದ್ದು ನಿಲ್ಸಿ ಅಂತ ರೀ, ಸಾಕೋಕಲ್ಲ!’ ಎಂದು ಬಿದ್ದು ಬಿದ್ದು ನಕ್ಕೆ. ವಿಭಾನೂ ಹಿಂದಿನಿಂದ ‘ಅಪ್ಪಾ, ಸೆಮ ಕಾಮಿಡಿ!’ ಎಂದು ಕೂಗಿದಳು, ಭಾರಿ ತಮಾಷೆಯಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ನಾಲ್ಕು ತಿಂಗಳಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಆ ನಗು ಆರುವ ಮೊದಲೇ ನೀನು ಒಂದು ವರ್ಷದ ಮಾತು ಕೇಳಿದೆ. ನಗುವನ್ನು ಕೆಡಿಸಲು ಮನಸ್ಸಾಗದೆ ನಾನು ಮೀನಿನ ಹೆಸರು ಹೇಳಿದೆ. ಅಳಿಯ ಪ್ರವೀಣ್ ಫೋನು ತೆಗೆದುಕೊಂಡು, ‘ನೀವೂ ಒಂದ್ಸಲ ಬಂದು ಹೋಗಿ ಮಾವ’ ಎಂದಾಗಲೂ ಅದನ್ನೇ ಹೇಳಿದೆ: ಮೀನಿಗೆ ಆಹಾರ ಹಾಕುವವರು ಯಾರು?

ನಿನ್ನೆ ಪರಮೇಶ್ವರಪ್ಪನವರು ಮತ್ತೆ ನಾಲ್ಕು ಗಂಟೆಗೆ ಬಂದರು. ನೀನು ಇನ್ನೊಂದು ವರ್ಷ ಅಲ್ಲೇ ಇರುವ ವಿಷಯ ಹೇಳಿದೆ. ‘ಹಂಗಾರ ನೀವೂ ಹೋಗ್ರಲ್ಲ, ಮೀನ್ ನಾ ನೋಡ್ಕೋತೀನಿ’ ಎಂದರು. ತಮಿಳಿನಲ್ಲಿ ‘ಸಾಕ್ಕು’ ಎಂದರೆ ನೆಪ. ಅವರು ಅಷ್ಟು ಹೇಳಿದ ಮೇಲೆ ನನ್ನ ಹತ್ತಿರ ಒಂದು ನೆಪವೂ ಉಳಿಯಲಿಲ್ಲ. ಉಳಿದದ್ದು ಒಂದೇ, ಅದನ್ನು ಬರೆಯಲು ಇನ್ನೂ ಕೈ ಬರುತ್ತಿಲ್ಲ. ವಿಭಾಳದು ಎರಡೇ ಕೋಣೆಯ ಮನೆ. ಬೀಗಿತ್ತಿಯವರೂ ಅಲ್ಲೇ ಇದ್ದಾರೆ. ಬಂದು ಹೋಗಿ ಎಂದವರ ಮನೆಗೆ ಇರಲು ಬರುತ್ತೇನೆ ಎನ್ನುವುದು ಹೇಗೆ?

ವಿಭಾಗೂ ಮರಿಗೂ ನನ್ನ ಆಶೀರ್ವಾದ, ಪ್ರವೀಣನಿಗೆ ಪ್ರೀತಿ, ಬೀಗಿತ್ತಿಯವರಿಗೆ ನಮಸ್ಕಾರ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡೇ ಇಳಿ.

ನಿನ್ನ
ಸುಜಯೀಂದ್ರ

ಮ.ವಿ.: ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಸ್ಪೀಡ್ ಪೋಸ್ಟಿನ ಕೌಂಟರ್ ಮುಚ್ಚುತ್ತಿದ್ದಾರೆ. ಭಾನುವಾರ ವಿಭಾಗೆ ಒಂದು ವರ್ಷ ಇರುತ್ತೇನೆ ಎಂದೇ ಹೇಳು, ಮಗುವಿಗೆ ನೀನು ಬೇಕು. ಆದರೆ ಹಾಗೆ ಹೇಳುವ ಮೊದಲು, ಅಪ್ಪನೂ ಅಷ್ಟೂ ದಿನ ಇಲ್ಲಿ ಇರಬಹುದಾ ಎಂದು ಅವಳನ್ನೂ ಪ್ರವೀಣನನ್ನೂ ಕೇಳು. ಹಾಲಿನಲ್ಲಿ ಚಾಪೆ ಹಾಕಿದರೂ ಆದೀತು. ಆಗುವುದಿಲ್ಲವೆಂದರೆ ಬೇಸರವಿಲ್ಲ, ನೀನೇ ಫೋನಿನಲ್ಲಿ ಹೇಳಿಬಿಡು. ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲ ನನಗೆ. ಹೇಗೆ ಕೇಳಬೇಕೆಂದು ಗೊತ್ತಾಗದೆ ಇಷ್ಟುದ್ದ ಬರೆದೆ.