ಎರಡು ಸಾವಿರ ಎಲೆ

ಪ್ರೀತಿಯ ಮಾವನವರಿಗೆ, ಶರಣು.

ಒಂದೇ ಮನೆಯಲ್ಲಿದ್ದುಕೊಂಡು ಮಾವನಿಗೆ ಪತ್ರ ಬರೆಯುವ ಸೊಸೆ ಇಡೀ ಬಸವೇಶ್ವರನಗರದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಎದುರಿಗೆ ಬಂದರೆ ನೀವು ಪೇಪರ್ ಮಡಿಸಿಟ್ಟು ‘ಏನಮ್ಮಾ’ ಅನ್ನುತ್ತೀರಿ, ನನಗೆ ಜಗಳವೇ ಮರೆತುಹೋಗುತ್ತದೆ. ಮದುವೆಯಾಗಿ ಎಪ್ಪತ್ತೊಂದು ದಿನ. ಈ ಮನೆ, ಅತ್ತೆಯ ಹಾಡು, ನಿಮ್ಮ ಮಗ, ಎಲ್ಲರ ಮೇಲೂ ನನಗೆ ಹುಚ್ಚು ಪ್ರೀತಿ. ಆದರೂ ನಾಳೆ ನಿಮ್ಮ ಮಾತು ಮೀರುತ್ತಿದ್ದೇನೆ.

ನನ್ನ ವಿದ್ಯಾರ್ಥಿಗಳು ನಮ್ಮ ಮದುವೆ ಊಟದ ಲೆಕ್ಕವನ್ನು ಪ್ರಾಜೆಕ್ಟ್ ಎಂದು ಒಪ್ಪಿಸುವುದು ಬೇಡ ಎಂದು ನೀವು ಫೋನ್ ಮಾಡಿದ ಮೇಲೆ ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು, ನಿಮ್ಮ ಗೆಳೆಯರಾದ ಲಕ್ಷ್ಮೀಪತಿ ಸರ್, ನನ್ನನ್ನು ಕರೆಸಿದರು. “ನಿಮ್ಮ ಮಾವನೋರೇ ಬೇಡ ಅಂತಿದಾರಲ್ಲಮ್ಮಾ. ಮದ್ವೆ ಊಟ ಎಲ್ಲಾ ಒಂದು ಪ್ರಾಜೆಕ್ಟಾ? ಹೋದ ವರ್ಷದ ರಿಪೋರ್ಟ್ ಒಂದು ತೆಗ್ದು, ಹೆಸರು ಬದಲಾಯಿಸಿ ಕೊಡಿಸ್ಬಿಡಿ” ಅಂದರು. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ನಾನೂ ಹಾಗೆಯೇ ಪಾಸಾದವಳು, ಮಾವ. ಅದಕ್ಕೇ ಇಷ್ಟು ಸಿಟ್ಟು.

ಇದು ಶುರುವಾದದ್ದು ನನ್ನ ವಿದ್ಯಾರ್ಥಿನಿ ರಾಗಿಣಿಯಿಂದ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾನು ಡಬ್ಬಿಯೊಳಗಿನ ಕೆಂಪು ಗೋಲಿ, ನೀಲಿ ಗೋಲಿ ಎಂದು ಹೇಳುತ್ತಿದ್ದಾಗ ಎದ್ದು ನಿಂತಳು. “ಮಿಸ್, ಈ ಗೋಲಿ ಎಣಿಸೋ ಕೆಲಸ ಯಾರು ಕೊಡ್ತಾರೆ?” ತರಗತಿಯೆಲ್ಲ ನಕ್ಕಿತು. ನಾನು ಆ ಪ್ರಶ್ನೆಯನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ.

ಅದೇ ವಾರ ಲಗ್ನಪತ್ರಿಕೆ ನೋಡಲು ಅಪ್ಪನ ಜೊತೆ ನಿಮ್ಮ ಮನೆಗೆ ಬಂದಿದ್ದೆ. ಅಡುಗೆಯ ಶಿವಬಸಪ್ಪನವರು ಎಷ್ಟು ಎಲೆ ಎಂದು ಕೇಳಿದರು. ನೀವು ಎರಡು ಸಾವಿರ ಅಂದಿರಿ. “ಅಷ್ಟು ಜನ ಬರ್ತಾರಾ ಯಜಮಾನ್ರೇ?” “ಬರ್ಲಿ ಬಿಡ್ಲಿ. ಎಲೆ ಕಮ್ಮಿ ಬಿದ್ರೆ ಬೀಗರ ಮುಂದೆ ತಲೆ ಎತ್ತೋಕಾಗತ್ತಾ?” ಆಗಲೇ ನನಗೆ ಹೊಳೆಯಿತು: ಗೋಲಿ ಎಣಿಸುವ ಕೆಲಸ ಇದೇ!

ಆರುನೂರು ಪತ್ರಿಕೆ ಹಂಚಿದ್ದಿರಿ. ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡು, ರಾಗಿಣಿಯೂ ಸೇರಿ ನನ್ನ ತರಗತಿಯ ಎಂಟು ಮಕ್ಕಳು ಹತ್ತು ಮನೆಗೊಂದರಂತೆ ಅರವತ್ತು ಮನೆಗೆ ಫೋನ್ ಮಾಡಿದರು. ತಪ್ಪು ಮಾಡಿದ್ದು ಅಲ್ಲಿ, ಒಪ್ಪುತ್ತೇನೆ. “ಎಷ್ಟು ಜನ ಬರ್ತೀರಾ?” ಎಂದು ನೇರವಾಗಿ ಕೇಳಿಬಿಟ್ಟರು. ಕುರುಬರಹಳ್ಳಿಯ ನಿಮ್ಮ ಸೋದರತ್ತೆ ವಿಮಲಮ್ಮನವರು, “ಊಟಕ್ಕೆ ಕರೆದು ತಲೆ ಎಣಿಸ್ತಾರೇನೇ? ಯಾವ ಸೀಮೆ ಮದ್ವೇನೇ ಇದು!” ಎಂದು ಸಿಡಿದರು. ಆ ಸಿಟ್ಟು ನಿಮ್ಮವರೆಗೂ ಬಂತು. ಆದರೆ ಆಮೇಲೆ ರಾಗಿಣಿ ಮಾಡಿದ್ದು ಕೇಳಿ. ಎಷ್ಟು ಜನ ಎಂದು ಕೇಳುವುದನ್ನೇ ಬಿಟ್ಟಳು. “ಎಲ್ರೂ ಬರ್ಬೇಕು, ಅಜ್ಜೀನೂ ಕರ್ಕೊಂಡು ಬನ್ನಿ” ಅಂದಳು. ಫೋನ್ ಎತ್ತಿದವರೇ ಬಾಯಿ ಬಿಟ್ಟರು: “ಅಯ್ಯೋ, ಅಜ್ಜಿಗೆ ಮಂಡಿನೋವು, ಮಗೂಗೆ ಪರೀಕ್ಷೆ. ನಾವಿಬ್ರೇ ಬರ್ತೀವಮ್ಮಾ.” ಯಾವ ಪಠ್ಯಪುಸ್ತಕದಲ್ಲಿದೆ ಮಾವ, ಮನೆಯವರ ಮರ್ಯಾದೆ ಕಳೆಯದೆ ಲೆಕ್ಕ ಪಡೆಯುವ ವಿದ್ಯೆ?

ಮಕ್ಕಳ ಅಂದಾಜು ಸಾವಿರದ ನೂರು. ಹೇಳಿದಾಗ ನೀವು ನಕ್ಕು, ಎರಡು ಸಾವಿರಕ್ಕೇ ಅಡುಗೆ ಮಾಡಿಸಿದಿರಿ. ಮದುವೆಯ ದಿನ ಅವರು ಊಟದ ಹಾಲ್‌ನ ಬಾಗಿಲಲ್ಲಿ ನಿಂತು ಎಣಿಸಿದ್ದು ಸಾವಿರದ ನೂರ ನಲವತ್ತೆರಡು. ಎರಡು ಹಾಸ್ಟೆಲಿಗೆ ಕಳಿಸಿದ ಮೇಲೂ ಹನ್ನೊಂದು ಪಾತ್ರೆ ಅನ್ನ ಕಸದ ಗಾಡಿಗೆ ಹೋಯಿತು. ಅತ್ತೆ ಆ ಗಾಡಿಗೆ ಬೆನ್ನು ಮಾಡಿ ನಿಂತಿದ್ದರು.

ಹೋದ ತಿಂಗಳು ಶಿವಬಸಪ್ಪನವರೇ ಕಾಲೇಜಿನ ಗೇಟಿಗೆ ಬಂದಿದ್ದರು. “ಕೆಂಗೇರೀಲಿ ಒಂದು ಮದ್ವೆ ಐತೆ ಮೇಡಂ. ಆ ಹುಡುಗೀನ ಕಳಿಸ್ತೀರಾ?” ರಾಗಿಣಿ ಹೋದಳು. ಅಲ್ಲಿ ಉಳಿದದ್ದು ಒಂದೇ ಪಾತ್ರೆ.

ಈ ಎಂಟು ಮಕ್ಕಳಿಗೆ ನಾನು ಹಳೆಯ ರಿಪೋರ್ಟ್ ನಕಲು ಮಾಡಿ ಎಂದು ಹೇಳಬೇಕೇ? ಹೇಳುವುದಿಲ್ಲ. ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ರಿಪೋರ್ಟಿನಿಂದ ಮನೆಯ ಹೆಸರನ್ನು ಇವತ್ತೇ ತೆಗೆಸಿದ್ದೇನೆ. ಅಂಕಿ ಒಂದನ್ನೂ ತೆಗೆಯುವುದಿಲ್ಲ. ಲಕ್ಷ್ಮೀಪತಿ ಸರ್ ನನ್ನನ್ನು ಕೆಲಸದಿಂದ ತೆಗೆದರೂ ಸರಿಯೇ. ನಾಳೆ ಹತ್ತೂವರೆಗೆ ಪರೀಕ್ಷಕರ ಮುಂದೆ ಮಕ್ಕಳ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ. ‘ಇದು ಯಾರ ಮದುವೆ’ ಎಂದು ಅವರು ಕೇಳಿದರೆ ಸುಳ್ಳು ಹೇಳಲಾರೆ. ‘ನನ್ನದು’ ಅನ್ನುತ್ತೇನೆ.

ಸಂಜೆ ಮನೆಗೆ ಬಂದ ಮೇಲೆ ಎಷ್ಟು ಬೇಕಾದರೂ ಬೈಯಿರಿ. ನಿಮ್ಮ ಆಶೀರ್ವಾದ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಬೇಡಿ. ನನಗೆ ಕೊಡಲು ಮನಸ್ಸಿಲ್ಲದಿದ್ದರೆ ನಾಳೆಯೊಂದು ದಿನ ಅದು ಆ ಎಂಟು ಮಕ್ಕಳ ತಲೆಯ ಮೇಲಿರಲಿ.

ನಿಮ್ಮ ಮಾತು ಕೇಳದ, ನಿಮ್ಮನ್ನು ಬಿಡದ ಸೊಸೆ,
ವಚನಾ